ನಮ್ಮ ಕಾಲುಗಳು ನಿಮ್ಮ ಗೋದಾಮಿನಲ್ಲಿವೆ

ಎರಡು ಕಾಲೂ ಒಂದೇ ಉದ್ದವಿರುವ ಮಾನ್ಯರೇ,

ಪಾದರಕ್ಷೆ ಗುಣಮಟ್ಟ ನಿಯಂತ್ರಣ ಮಂಡಳಿಯ ಅಧ್ಯಕ್ಷರಾದ ತಮಗೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ನನ್ನ ಕಾಲುಗಳು ತಮ್ಮ ಗೋದಾಮಿನಲ್ಲಿವೆ. ನನ್ನವು ಮಾತ್ರವೇನಲ್ಲ. ಈ ಊರಿನ ಕುಂಟರು, ಸೊಟ್ಟಪಾದದವರು, ಸಕ್ಕರೆ ಕಾಯಿಲೆಗೆ ಬೆರಳು ಕೊಟ್ಟು ಕೂತವರು, ಎಲ್ಲರ ಕಾಲುಗಳೂ ಅಲ್ಲೇ ಗೋಣಿಚೀಲದೊಳಗೆ ಬಿದ್ದಿವೆ. ಈ ತಿಂಗಳ ಕೊನೆಗೆ ಅವನ್ನು ಸುಡುವುದಾಗಿ ತಮ್ಮ ಕಚೇರಿಯ ಬಾಗಿಲಿಗೆ ನೋಟೀಸು ಅಂಟಿಸಿದ್ದೀರಿ. ‘ಸಾರ್ವಜನಿಕ ಹಿತದೃಷ್ಟಿಯಿಂದ ವಿಲೇವಾರಿ’ ಅಂತ ಅದರಲ್ಲಿ ಬರೆದಿದೆ. ಆ ಸಾರ್ವಜನಿಕರಲ್ಲಿ ನಾನೂ ಒಬ್ಬಳು ಅಂತ ಇಷ್ಟು ವರ್ಷ ನಂಬಿಕೊಂಡಿದ್ದೆ. ನನ್ನ ಹಿತಕ್ಕಾಗಿ ನನ್ನ ಕಾಲನ್ನೇ ಸುಡುವಷ್ಟು ಕಾಳಜಿ ನನ್ನ ಹೆತ್ತ ತಾಯಿಗೂ ಇರಲಿಲ್ಲ.

ಗಾಬರಿಯಾಗಬೇಡಿ, ಮರದ ಕಾಲುಗಳು. ಬೂಟು ಹೊಲಿಯುವವರು ಚರ್ಮವನ್ನು ಒಂದು ಮರದ ಅಚ್ಚಿನ ಮೇಲೆ ಎಳೆದು ಕೂರಿಸಿ ಹೊಲಿಯುತ್ತಾರೆ. ತಮ್ಮಂಥವರ ಕಾಲಿಗೆ ಅಂಗಡಿಯಲ್ಲಿ ಸಿಗುವ ಅಚ್ಚು ಸಾಕು, ಏಕೆಂದರೆ ತಮ್ಮ ಕಾಲು ಎಲ್ಲರ ಕಾಲಿನ ಹಾಗೇ ಇದೆ. ನಮ್ಮಂಥವರ ಕಾಲಿಗೆ ನಮ್ಮದೇ ಅಚ್ಚು ಬೇಕು. ನನ್ನ ಎಡಗಾಲು ಬಲಗಾಲಿಗಿಂತ ಮೂರು ಬೆರಳು ಗಿಡ್ಡ, ಪಾದವೂ ಚಿಕ್ಕದು. ಚಿಕ್ಕಂದಿನಲ್ಲಿ ಬಂದ ಜ್ವರ ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಸರ್ಕಾರಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಇಸ್ತ್ರಿ ಮಾಡುವುದು ನನ್ನ ಕೆಲಸ. ಬೆಳಗಿನಿಂದ ಸಂಜೆವರೆಗೆ ಬಿಸಿ ಮೇಜಿನ ಮುಂದೆ ನಿಂತು ರೋಗಿಗಳ ಹಾಸಿಗೆ ಬಟ್ಟೆ ತಿಕ್ಕುತ್ತೇನೆ. ನಮ್ಮ ಕೆಲಸಗಾರರ ಸಂಘದ ಕಾರ್ಯದರ್ಶಿಯೂ ನಾನೇ, ಕರಪತ್ರ ಬರೆದು ಬರೆದು ಕೈ ಪಳಗಿದೆ. ಆದ್ದರಿಂದ ಈ ಪತ್ರದ ಭಾಷೆ ತಮಗೆ ಸ್ವಲ್ಪ ಖಾರ ಅನ್ನಿಸಬಹುದು. ನೀರು ಕುಡಿದು ಮುಂದೆ ಓದಿ.

ನಮ್ಮ ಕಾಲುಗಳನ್ನು ಇಟ್ಟುಕೊಂಡಿದ್ದವನು ನಾಳೆ ಮಾಮ. ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗೆ ಅವನ ಅಂಗಡಿ. ಒಳಗೆ ಅವನೊಬ್ಬ, ಅವನ ಮಗಳೊಬ್ಬಳು, ಮೂರನೆಯವರು ಬಂದರೆ ಒಬ್ಬರು ಉಸಿರು ಬಿಡುವವರೆಗೆ ಇನ್ನೊಬ್ಬರು ಕಾಯಬೇಕು. ಯಾವತ್ತು ಕೇಳಿದರೂ “ನಾಳೆ ಬಾ” ಅನ್ನುತ್ತಾನೆ, ಅದಕ್ಕೇ ಆ ಹೆಸರು. ಅವನನ್ನು ಸಂತ ಅಂತ ತಮ್ಮ ಮುಂದೆ ನಿಲ್ಲಿಸಲು ನಾನು ಬಂದಿಲ್ಲ. ಮಹಾ ಸುಳ್ಳುಗಾರ. ಕುಡಿಯುತ್ತಾನೆ. ಒಮ್ಮೆ ಮೊಳೆ ಒಳಗೆ ಬಿಟ್ಟು ನನ್ನ ಹಿಮ್ಮಡಿ ಕೀವಾಗಿಸಿದ್ದಾನೆ. ಅವತ್ತು ಅಂಗಡಿ ಮುಂದೆ ನಿಂತು ನಾನು ಬೈದ ಬೈಗುಳ ಬೀದಿಯ ಆ ತುದಿಯವರೆಗೆ ಕೇಳಿತ್ತಂತೆ. ಆಮೇಲೆ ಮಗಳು ಪ್ರತಿ ಬೂಟಿನೊಳಗೆ ಕೈ ಹಾಕಿ ಸವರಿ ನೋಡದೆ ಹೊರಗೆ ಕೊಟ್ಟಿಲ್ಲ. ಹೀಗೆ ತಮ್ಮ ಮಂಡಳಿ ಹುಟ್ಟುವ ಮೊದಲೇ ನಮ್ಮಲ್ಲಿ ಒಂದು ಗುಣಮಟ್ಟ ನಿಯಂತ್ರಣ ಮಂಡಳಿ ಇತ್ತು. ನನ್ನ ಬಾಯಿಯೇ ಅದರ ಕಚೇರಿ.

ಮಾಮ ಗಿರಾಕಿಗಳ ಹೆಸರು ನೆನಪಿಡುವವನಲ್ಲ. ಕಾಲು ನೋಡಿ ಅಡ್ಡಹೆಸರು ಇಡುತ್ತಾನೆ. ನಾನು ಬಾತುಕೋಳಿ. ಬೆರಳೆಲ್ಲ ಒಂದರ ಮೇಲೊಂದು ಹತ್ತಿಕೊಂಡಿರುವ ಬ್ಯಾಂಕಿನ ಕ್ಯಾಷಿಯರ್ ಶುಂಠಿ. ಮನೆಮನೆಗೆ ಹಾಲು ಹಾಕುವ ಅಕ್ಕ ಆಮೆ. ಮೊದಲ ಸಲ “ಏ ಬಾತುಕೋಳಿ, ಕಾಲು ಕೊಡು” ಅಂದಾಗ ನನಗೆ ಅಳು ಬಂತು. ಆದರೆ ಅಷ್ಟು ಹೊತ್ತಿಗೆ ಅವನು ನನ್ನ ಕಾಲನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡಾಗಿತ್ತು. ನನ್ನ ಗಂಡ ಅನ್ನಿಸಿಕೊಂಡವನೂ ಆ ಕಾಲನ್ನು ಹಾಗೆ ಮುಟ್ಟಿದ್ದಿಲ್ಲ ಮಾನ್ಯರೇ. ಆಗ ಅಳು ನಿಂತಿತು.

ಅಚ್ಚುಗಳನ್ನು ಎರಡೆರಡಾಗಿ ದಾರದಲ್ಲಿ ಕಟ್ಟಿ ಅಂಗಡಿಯ ಮಾಡಿನಿಂದ ತೂಗುಬಿಟ್ಟಿದ್ದ. ಕಾಲು ಬದಲಾದ ಹಾಗೆಲ್ಲ ಅಚ್ಚೂ ಬದಲಾಗಬೇಕು, ಆದರೆ ಮರ ತಾನಾಗಿ ಬೆಳೆಯದಲ್ಲ. ಅದಕ್ಕೆ ಅವನು ಊತ ಬಂದಲ್ಲಿ, ಗಂಟು ಎದ್ದಲ್ಲಿ, ಅಚ್ಚಿನ ಮೇಲೆ ಚರ್ಮದ ಚೂರು ಇಟ್ಟು ಸಣ್ಣ ಮೊಳೆ ಹೊಡೆಯುತ್ತಿದ್ದ. ಮುಂದಿನ ವರ್ಷ ಅದರ ಮೇಲೆ ಇನ್ನೊಂದು. ನನ್ನ ಎಡ ಅಚ್ಚಿನ ಮೇಲೆ ನಾನು ಇಸ್ತ್ರಿ ಮೇಜಿನ ಮುಂದೆ ನಿಂತ ಅಷ್ಟೂ ವರ್ಷ ಪದರ ಪದರವಾಗಿ ಕೂತಿದೆ. ಈಗ ಮಾಮನ ಕಣ್ಣಿಗೆ ಪೊರೆ ಬಂದಿದೆ. ಹೊಸದಾಗಿ ಮರ ಕೆತ್ತುವ ಕಾಲ ಅವನಿಗೆ ಮುಗಿಯಿತು. ಅಚ್ಚಿದ್ದರೆ ಮಗಳು ಹೊಲಿಯುತ್ತಾಳೆ. ಅಚ್ಚಿಲ್ಲದಿದ್ದರೆ ನಮ್ಮ ಪಾಲಿಗೆ ಬೂಟಿಲ್ಲ. ವಿಷಯ ಇಷ್ಟು ಸಣ್ಣದು. ತಮ್ಮ ಕಡತಕ್ಕೆ ಹತ್ತದಷ್ಟು ಸಣ್ಣದು.

ಇನ್ನು ತಮ್ಮ ಇನ್ಸ್‌ಪೆಕ್ಟರ ಶೌರ್ಯದ ಕಥೆ. ಅವರು ದಾಳಿ ಮಾಡಿದ ದಿನ ನಾನು ಅಲ್ಲೇ ಇದ್ದೆ, ನಾಳೆ ಬಾ ಅಂದಿದ್ದ ಬೂಟಿಗಾಗಿ. ಜೀಪು ನಿಂತಿತು. ಇನ್ಸ್‌ಪೆಕ್ಟರು ಬಗ್ಗಿ ಒಳಗೆ ಬಂದರು, ಇಬ್ಬರು ಜವಾನರು ಬಾಗಿಲಲ್ಲೇ ನಿಂತರು. ಮಗಳ ಕೈಯಲ್ಲಿದ್ದ ನನ್ನ ಹೊಸ ಜೋಡಿಯನ್ನು ಹಲಗೆ ಮೇಲೆ ಇಡಿಸಿದರು. ಕೈಯಿಂದ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಹೊರಳಿಸಿ ನೋಡಿದರು. ಕಾಲಿಗೆ ಹಾಕುವ ವಸ್ತುವಿನ ಗುಣಮಟ್ಟ ನೋಡಲು ಸಂಬಳ ತಗೊಳ್ಳುವವರಿಗೆ ಅದನ್ನು ಮುಟ್ಟಿದರೆ ಮೈಲಿಗೆ. ಈ ಮೈಲಿಗೆಗೂ ತಮ್ಮ ಮಂಡಳಿಯಲ್ಲಿ ಯಾವುದಾದರೂ ಮಾನದಂಡ ಇದೆಯೆ?

“ಇದೇನ್ರೀ, ಒಂದು ದಪ್ಪ ಒಂದು ತೆಳು?”

“ಕಾಲು ಹಾಗಿದೆ ಸಾರ್,” ಅಂದ ಮಾಮ.

“ಯಾರ ಕಾಲು?”

“ಇಗೋ ನಿಂತಿದಾಳಲ್ಲ, ಬಾತುಕೋಳಿ.”

ಇನ್ಸ್‌ಪೆಕ್ಟರು ನನ್ನ ಕಾಲು ನೋಡಿದರು. ಆಮೇಲೆ ಕೈಯಲ್ಲಿದ್ದ ನಿಯಮದ ಪುಸ್ತಕ ನೋಡಿದರು. ಎರಡರಲ್ಲಿ ಯಾವುದನ್ನು ನಂಬಬೇಕು ಅಂತ ಅವರಿಗೆ ಕ್ಷಣ ಮಾತ್ರವೂ ಗೊಂದಲವಾಗಲಿಲ್ಲ. ಗಟ್ಟಿಯಾಗಿ ಓದಿದರು: “ಜೋಡಿಯ ಎರಡೂ ಪಾದರಕ್ಷೆಗಳ ಎತ್ತರ, ತೂಕ ಮತ್ತು ಆಕಾರದಲ್ಲಿ ಗಮನಾರ್ಹ ವ್ಯತ್ಯಾಸ ಇರತಕ್ಕದ್ದಲ್ಲ.”

ನಾನು ಹೇಳಿದೆ, “ಸಾರ್, ಕಾಲೇ ಸಮ ಇಲ್ಲವಲ್ಲ.”

“ಕಾಲು ನಮ್ಮ ವ್ಯಾಪ್ತಿಗೆ ಬರಲ್ಲಮ್ಮ.”

ಮಾನ್ಯರೇ, ತಮ್ಮ ಮಂಡಳಿಯ ಧ್ಯೇಯವಾಕ್ಯ ಹುಡುಕಲು ಸ್ಪರ್ಧೆ ಏರ್ಪಡಿಸಿದ್ದಿರಂತೆ. ಬಹುಮಾನವನ್ನು ತಮ್ಮ ಇನ್ಸ್‌ಪೆಕ್ಟರಿಗೇ ಕೊಡಿ. ಕಾಲು ನಮ್ಮ ವ್ಯಾಪ್ತಿಗೆ ಬರಲ್ಲ. ಹಿತ್ತಾಳೆಯಲ್ಲಿ ಕೆತ್ತಿಸಿ ಬಾಗಿಲ ಮೇಲೆ ಹಾಕಿಸಿ.

ಮಾಮ ಆಗ ಸರ್ಟಿಫಿಕೇಟು ಪಡೆಯುವುದು ಹೇಗೆ ಅಂತ ಕೇಳಿದ. ಬಹಳ ವಿನಯದಿಂದಲೇ ಕೇಳಿದ, ನನಗೆ ಅವನ ಮೇಲೇ ಅನುಮಾನ ಬರುವಷ್ಟು. ಪ್ರತಿ ಮಾದರಿಯ ಒಂದು ಡಜನ್ ಜೋಡಿ ಪ್ರಯೋಗಾಲಯಕ್ಕೆ ಕಳಿಸಬೇಕು, ಯಂತ್ರದಲ್ಲಿ ಅವನ್ನು ಬಗ್ಗಿಸಿ ಬಗ್ಗಿಸಿ ಮುರಿಯುತ್ತಾರೆ, ಪಾಸಾದರೆ ಹದಿಮೂರನೆಯ ಜೋಡಿ ಮಾರಬಹುದು ಅಂತ ಉತ್ತರ ಬಂತು.

“ಮಾದರಿ ಅಂದ್ರೆ ಸಾರ್? ಇವಳ ಕಾಲು ಒಂದು ಮಾದರಿ, ಶುಂಠಿ ಕಾಲು ಒಂದು ಮಾದರಿ. ನನ್ನ ಹತ್ರ ಎರಡು ಕಾಲು ಒಂದೇ ಥರದ್ದು ಇಲ್ಲವೇ ಇಲ್ಲ.”

“ಹಾಗಾದ್ರೆ ಪ್ರತಿಯೊಬ್ಬರಿಗೂ ಡಜನ್ ಡಜನ್.”

“ಅಂದ್ರೆ ಇವಳಿಗೆ ಅಂತ ಹನ್ನೆರಡು ಜೋಡಿ ಹೊಲೀತೀನಿ, ಹನ್ನೆರಡನ್ನೂ ನೀವು ಮುರೀತೀರಿ, ಅಷ್ಟೊತ್ತಿಗೆ ಇವಳನ್ನ ಹೊತ್ಕೊಂಡು ಹೋಗಿರ್ತಾರೆ. ಹೆಣಕ್ಕೆ ಬೂಟು ಯಾಕೆ ಸಾರ್?”

ಜವಾನರಲ್ಲಿ ಒಬ್ಬ ನಕ್ಕ. ಇನ್ಸ್‌ಪೆಕ್ಟರು ಅವನ ಕಡೆ ನೋಡಿದರು. ನಗು ನಿಂತಿತು, ಜಪ್ತಿ ಶುರುವಾಯಿತು. ಬೂಟು, ಚರ್ಮ, ಅಂಟಿನ ಡಬ್ಬಿ, ಕೊನೆಗೆ ಮಾಡಿನಿಂದ ತೂಗುತ್ತಿದ್ದ ಕಾಲುಗಳು. “ಅನಧಿಕೃತ ಉತ್ಪಾದನಾ ಸಾಧನ” ಅಂತ ಅವುಗಳ ಹೆಸರಾಯಿತು. ಮಗಳು ಅಡ್ಡ ನಿಂತಳು. “ಬೂಟು ತಗೊಂಡು ಹೋಗಿ ಸಾರ್, ನಾಳೆ ಹೊಲೀತೀವಿ. ಇವನ್ನ ಬಿಡಿ” ಅಂದಳು. ನಾಳೆ ಹೊಲಿಯುತ್ತೇವೆ ಅಂದದ್ದು ಇನ್ಸ್‌ಪೆಕ್ಟರ ಕಿವಿಗೆ ತಪ್ಪೊಪ್ಪಿಗೆಯ ಹಾಗೆ ಕೇಳಿಸಿತು. ಒಂದು ಅಚ್ಚನ್ನೂ ಬಿಡಲಿಲ್ಲ.

ಇಲ್ಲಿಗೆ ಬಂದಾಗ ತಮ್ಮ ಪರವಾಗಿ ಮಾತಾಡುವ ವಿದ್ಯಾವಂತರು ಪತ್ರಿಕೆ ಮಡಚಿಟ್ಟು ಹೇಳುತ್ತಾರೆ: ನಿಯಮ ಅಂದಮೇಲೆ ಎಲ್ಲರಿಗೂ ಒಂದೇ, ಬಡವ ಅಂತ ಬಿಟ್ಟರೆ ನಾಳೆ ವಿಷದ ಅಂಟು ಹಚ್ಚಿದ ಬೂಟು ಮಾರುತ್ತಾನೆ, ಆಗ ನೀವೇ ಬೀದಿಗೆ ಇಳಿಯುತ್ತೀರಿ. ಈ ಮಾತಿಗೆ ಉತ್ತರ ಕೊಡಲು ನನಗಿಂತ ಯೋಗ್ಯರು ಸಿಗಲಾರರು. ಏಕೆಂದರೆ ವಿಷದ ಅಂಟಿನ ಬೂಟಿಗಾಗಿ ಬೀದಿಗೆ ಇಳಿದವಳೇ ನಾನು.

ತಮಗೆ ಮರೆತಿರಬಹುದು. ಊರಿನ ಶಾಲೆಗಳಿಗೆಲ್ಲ ಒಂದು ದೊಡ್ಡ ಕಂಪನಿ ಬೂಟು ಕೊಟ್ಟಿತ್ತು. ಹೊಳೆಯುವ ಕಪ್ಪು ಬೂಟು. ಒಂದು ವಾರದಲ್ಲಿ ಮಕ್ಕಳ ಪಾದಗಳಲ್ಲಿ ಗುಳ್ಳೆ ಎದ್ದು, ಒಡೆದು, ಚರ್ಮ ಸುಲಿದು ಬಂತು. ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿನ ಹಾಸಿಗೆ ಬಟ್ಟೆಗಳು ಕಾಲಿನ ಕಡೆ ಮಾತ್ರ ಕಲೆಯಾಗಿ ನಮ್ಮ ಹತ್ತಿರ ಬರುತ್ತಿದ್ದವು. ಹಾಸಿಗೆ ಬಟ್ಟೆ ಸುಳ್ಳು ಹೇಳುವುದಿಲ್ಲ ಮಾನ್ಯರೇ. ಕಂಪನಿ ಮಾತ್ರ ಮಕ್ಕಳು ಕಾಲು ತೊಳೆಯುವುದಿಲ್ಲ, ಅದಕ್ಕೇ ಹೀಗಾಗಿದೆ ಅಂತ ಹೇಳಿಕೆ ಕೊಟ್ಟಿತು. ನಾವು ಒಗೆಯುವ ತೊಟ್ಟಿಗಳನ್ನು ಬಿಟ್ಟು ರಸ್ತೆಯಲ್ಲಿ ಕೂತೆವು. ತಾಯಂದಿರು ಬಂದರು, ಮೇಷ್ಟ್ರುಗಳು ಬಂದರು. “ಬೂಟಿಗೆ ಕಾನೂನು ತನ್ನಿ” ಎಂಬ ಘೋಷಣೆ ಬರೆದವಳು ನಾನು. ಕಂಪನಿಯ ಯಜಮಾನರ ಪ್ರತಿಕೃತಿ ಕಟ್ಟಿ ಸುಟ್ಟೆವು. ಹುಲ್ಲು ತುಂಬಿದ ಆ ತಲೆಗೆ ಪೊರಕೆ ಕಡ್ಡಿಯಿಂದ ಮೀಸೆ ಮಾಡಿದ್ದೂ ನಾನೇ, ಎರಡೂ ತುದಿ ಮೇಲಕ್ಕೆ ತಿರುಗಿದ್ದು, ಅವರದು ಹಾಗೇ ಇತ್ತು.

ಹೋರಾಟ ಗೆದ್ದಿತು. ಕಾನೂನು ಬಂತು, ಮಂಡಳಿ ಬಂತು, ತಾವು ಬಂದಿರಿ. ನಾವು ಸಂಘದ ಕೋಣೆಯಲ್ಲಿ ಚಹಾ ಕುಡಿದು, ಜನರಿಗೆ ಒಂದು ಕಾವಲು ಸಿಕ್ಕಿತು ಅಂತ ಹಗುರಾಗಿ ಮನೆಗೆ ಹೋದೆವು. ಕಾವಲಿಗೆ ಕೂತವರು ಯಾರು ಅಂತ ತಿರುಗಿ ನೋಡಲಿಲ್ಲ. ಮರುದಿನ ಬೆಳಿಗ್ಗೆ ಹಾಸಿಗೆ ಬಟ್ಟೆಗಳು ಕಾಯುತ್ತಿದ್ದವು ನೋಡಿ, ಕೂಲಿಯವರಿಗೆ ಗೆದ್ದ ಮೇಲೆ ಕಾಯುತ್ತ ಕೂರಲು ಪುರುಸೊತ್ತಿಲ್ಲ. ಸೋತವರಿಗೆ ಪುರುಸೊತ್ತಿತ್ತು. ಮೀಸೆಗೆ ಬೇಕಾದಷ್ಟು ಪುರುಸೊತ್ತಿತ್ತು.

ಜಪ್ತಿಯಾದ ಮೇಲೆ ಅಚ್ಚು ವಾಪಸ್ ಕೇಳಲು ಮೊದಲ ಸಲ ತಮ್ಮ ಕಚೇರಿಗೆ ಬಂದೆ. ಸವೆದ ಹಳೇ ಬೂಟಿನಲ್ಲೇ ಬಂದೆ, ಬಲಗಡೆಯ ಅಟ್ಟೆ ಬಾಯಿ ಬಿಟ್ಟಿತ್ತು. ತಮ್ಮ ಹಜಾರದಲ್ಲಿ ಒಂದು ದೊಡ್ಡ ಫೋಟೋ ಇದೆ. ‘ಮಾನದಂಡ ರಚನಾ ಸಮಿತಿ’. ತಾವು ಅದರಲ್ಲಿ ಬಲಗಡೆಯ ತುದಿಯಲ್ಲಿ, ಅರ್ಧ ಭುಜ ಚೌಕಟ್ಟಿನ ಹೊರಗೆ ಬಿಟ್ಟುಕೊಂಡು ನಿಂತಿದ್ದೀರಿ. ನಡುವೆ ಕುರ್ಚಿಯಲ್ಲಿ ಕೂತವರನ್ನು ನಾನು ಗುರುತು ಹಿಡಿದೆ. ನಾನು ಪೊರಕೆ ಕಡ್ಡಿಯಲ್ಲಿ ಮಾಡಿದ ಮೀಸೆ ಅದು. ಈಗ ನರೆತಿದೆ, ತುದಿ ಮಾತ್ರ ಇನ್ನೂ ಮೇಲಕ್ಕೇ ಇದೆ.

ಅಲ್ಲೇ ನಿಂತು ನಕ್ಕೆ. ಕೌಂಟರಿನ ಹೆಣ್ಣುಮಗಳು “ಯಾಕಮ್ಮ ನಗ್ತೀರ?” ಅಂದಳು. “ಇವರನ್ನ ಒಂದು ಸಲ ಸುಟ್ಟಿದ್ದೆ ಮಗಳೇ, ಎದ್ದು ಬಂದಿದಾರೆ” ಅಂದೆ. ಅವಳು ನೀರಿನ ಲೋಟ ಕೊಟ್ಟಳು. ತಲೆ ಕೆಟ್ಟವರಿಗೆ ಕೊಡುವ ಹಾಗೆ, ದೂರದಿಂದ.

ಮೀಸೆಯ ಯಜಮಾನರು ಬರೆದ ನಿಯಮ ಹೇಗಿದೆ ಅಂತ ತಮಗೆ ನಾನು ಹೇಳಬೇಕಾಗಿಲ್ಲ, ಸಹಿ ತಮ್ಮದೇ. ಆದರೆ ಓದುಗರಿಗೆ ಗೊತ್ತಿರಲಿ. ಮೆಟ್ಟಿಲ ಕೆಳಗಿನವನು ಒಂದು ಡಜನ್ ಜೋಡಿ ಮುರಿಸಿಕೊಳ್ಳಬೇಕು. ದೊಡ್ಡ ಕಾರ್ಖಾನೆಯವರಿಗೆ ಆ ತೊಂದರೆ ಇಲ್ಲ, ತಮ್ಮ ಮಾಲು ಚೆನ್ನಾಗಿದೆ ಅಂತ ತಾವೇ ದೃಢೀಕರಿಸಿಕೊಂಡರೆ ಸಾಕು. ಅಂದರೆ ಮಕ್ಕಳ ಕಾಲು ಸುಲಿದವರ ಮಾತನ್ನು ಮಂಡಳಿ ಬಾಯಿಮಾತಿನಲ್ಲೇ ನಂಬುತ್ತದೆ, ನನ್ನನ್ನು ಇಷ್ಟು ವರ್ಷ ನಿಲ್ಲಿಸಿದವನನ್ನು ನಂಬುವುದಿಲ್ಲ. ಬೂಟು ಮುರಿಯುವ ಯಂತ್ರವನ್ನೂ ಕಿಟಕಿಯಿಂದ ನೋಡಿದೆ. ಅದರ ಹೊಟ್ಟೆಯ ಮೇಲೆ ತಗಡಿನ ಫಲಕ ಇದೆ, ಇಂಥ ಕಂಪನಿಯ ಉದಾರ ಕೊಡುಗೆ ಅಂತ. ಯಾವ ಕಂಪನಿ ಅಂತ ಕೇಳಬೇಡಿ, ತಾವು ಕೇಳುವುದೂ ಇಲ್ಲ. ಅಂಟನ್ನು ಪರೀಕ್ಷಿಸುವ ಯಂತ್ರ ಎಲ್ಲಿದೆ ಅಂತ ಅಲ್ಲಿದ್ದವರನ್ನು ವಿಚಾರಿಸಿದೆ. ಅದು ಇನ್ನೂ ಬರಬೇಕಂತೆ. ಯಾರೂ ದಾನ ಕೊಟ್ಟಿಲ್ಲವಂತೆ.

ನೆನಪಿಡಿ, ಕಾನೂನು ಹುಟ್ಟಿದ್ದು ಅಂಟಿನಿಂದ. ಆ ಕಾನೂನಿನಲ್ಲಿ ಈಗ ಅಂಟೊಂದೇ ಇಲ್ಲ. ಎತ್ತರ ಇದೆ, ತೂಕ ಇದೆ, ಡಬ್ಬದ ಮೇಲಿನ ಅಕ್ಷರದ ಗಾತ್ರ ಇದೆ. ಮಕ್ಕಳ ಕಾಲು ಸುಟ್ಟ ವಸ್ತುವನ್ನು ಬಿಟ್ಟು ಮಿಕ್ಕಿದ್ದಕ್ಕೆಲ್ಲ ನಿಯಮ ಇದೆ. ಹೀಗೆ ಬರೆಯಲು ಬುದ್ಧಿ ಬೇಕು. ಇದನ್ನು ದಡ್ಡತನ ಅಂತ ಕರೆದು ತಮ್ಮನ್ನು ಕ್ಷಮಿಸುವ ಒಳ್ಳೆಯ ಜನ ನಮ್ಮಲ್ಲಿ ಬಹಳ ಇದ್ದಾರೆ. ನಾನು ಅಷ್ಟು ಒಳ್ಳೆಯವಳಲ್ಲ. ತಮ್ಮ ಬುದ್ಧಿಯ ಮೇಲೆ ನನಗೆ ಪೂರ್ಣ ನಂಬಿಕೆ ಇದೆ.

ವಿನಾಯಿತಿ ಇದೆ ಅಂತ ಕೌಂಟರಿನವಳೇ ಹೇಳಿದಳು, ಪಾಪ. ‘ವೈದ್ಯಕೀಯ ಪಾದರಕ್ಷೆ’ ಮಾಡುವವರಿಗೆ ಎತ್ತರದ ನಿಯಮ ಅನ್ವಯಿಸುವುದಿಲ್ಲ. ಆದರೆ ಅವರ ಕಾರ್ಖಾನೆಯ ನೆಲ ಇಷ್ಟು ವಿಸ್ತಾರ ಇರಬೇಕು. ಮಾಮನ ಅಂಗಡಿಯಂಥ ಇಪ್ಪತ್ತು ಅಂಗಡಿ ಸೇರಿಸಿದರೂ ಆ ನೆಲದಲ್ಲಿ ಲಾರಿ ನಿಲ್ಲಿಸಲು ಜಾಗ ಉಳಿಯುತ್ತದೆ. ಅಂಥ ನೆಲ ಇರುವುದು ಒಬ್ಬರಿಗೆ. ಅವರ ಬಣ್ಣದ ಹಾಳೆಯನ್ನೂ ಕೊಟ್ಟಳು. ನಗುವ ಹುಡುಗಿಯೊಬ್ಬಳು ದಪ್ಪ ಅಟ್ಟೆಯ ಬೂಟು ಹಾಕಿಕೊಂಡು ಜಿಗಿಯುತ್ತಿದ್ದಾಳೆ. ನೋಡಿದ ತಕ್ಷಣ ಗೊತ್ತಾಗುತ್ತದೆ, ಅವಳ ಎರಡೂ ಕಾಲು ಸಮ ಇವೆ, ಫೋಟೋಗೆ ಅಂತ ದಪ್ಪ ಬೂಟು ಹಾಕಿದ್ದಾರೆ. ಗಿಡ್ಡ ಕಾಲು ಮೂರು ಅಳತೆಯಲ್ಲಿ ಲಭ್ಯ: ಸಣ್ಣ, ಮಧ್ಯಮ, ದೊಡ್ಡ. ನನ್ನದು ಸಣ್ಣದಕ್ಕೂ ಮಧ್ಯಮಕ್ಕೂ ನಡುವೆ ಬಿತ್ತು. ಬೆಲೆ ನೋಡಿ, ಇದು ಬೂಟಿನದೋ ಹೊಸ ಕಾಲಿನದೋ ಅಂತ ಕೇಳಿದೆ. ಅವಳು ಮುಖ ಕೆಳಗೆ ಹಾಕಿದಳು. ನಮ್ಮ ಕಡೆಯ ಹುಡುಗಿ ಇರಬೇಕು, ನಾಚಿಕೆ ಇನ್ನೂ ಉಳಿದಿದೆ. ಬೇಗ ಬಡ್ತಿ ಕೊಟ್ಟು ಸರಿಮಾಡಿ.

ಈಗ ಆಮೆಯ ವಿಷಯಕ್ಕೆ ಬರುತ್ತೇನೆ. ಇಲ್ಲಿಯವರೆಗೆ ತಾವು ನಗುತ್ತಾ ಓದಿದ್ದರೆ ಇನ್ನು ಮುಂದೆಯೂ ನಗಬಹುದು. ಕೆಲವರಿಗೆ ಸಾಧ್ಯವಾಗುತ್ತದೆ.

ಆಮೆ ಅಂದೆನಲ್ಲ, ಹಾಲು ಹಾಕುವ ಅಕ್ಕ. ಒಂದು ಪಾದ ಒಳಕ್ಕೆ ತಿರುಗಿದೆ, ಇನ್ನೊಂದರ ಹೆಬ್ಬೆರಳ ಬುಡದಲ್ಲಿ ಲಿಂಬೆಹಣ್ಣಿನಷ್ಟು ಗಂಟು. ಮಾಮ ಆ ಹೆಸರಿಟ್ಟದ್ದು ತಮಾಷೆಗೆ, ಏಕೆಂದರೆ ಅವಳಷ್ಟು ಬೇಗ ಮೆಟ್ಟಿಲು ಹತ್ತುವವರು ಆ ಬಡಾವಣೆಯಲ್ಲೇ ಇರಲಿಲ್ಲ. ಲಿಫ್ಟಿಲ್ಲದ ಮನೆಗಳ ಸಾಲು ಅದು. ಎರಡೂ ಕೈಯಲ್ಲಿ ಹಾಲಿನ ಕ್ಯಾನು, ಬೂಟಿನ ಸದ್ದು ಟಕ್ ಟೊಕ್, ಟಕ್ ಟೊಕ್. ಮನೆಯವರು ಆ ಸದ್ದು ಕೇಳಿಯೇ ಪಾತ್ರೆ ಹಿಡಿದು ಬಾಗಿಲಿಗೆ ಬರುತ್ತಿದ್ದರು.

ಅವಳೂ ತಮ್ಮ ಕಚೇರಿಗೆ ಬಂದಿದ್ದಳು. ಇನ್ಸ್‌ಪೆಕ್ಟರೇ ಸಿಕ್ಕಿದರು. “ಅಂಗಡಿಯಲ್ಲಿ ಸರ್ಟಿಫಿಕೇಟ್ ಇರೋ ಬೂಟು ತಗೊಳಿ ಅಕ್ಕ, ದೊಡ್ಡ ಸೈಜು. ಒಳಗೆ ಬಟ್ಟೆ ತುರುಕಿಕೊಳ್ಳಿ. ಎಷ್ಟೋ ಜನ ಹಾಗೇ ಮಾಡ್ತಾರೆ” ಅಂದರಂತೆ. ಒಳ್ಳೆಯ ಮಾತಿನಲ್ಲೇ ಹೇಳಿದರಂತೆ, ಅದನ್ನು ಅವಳು ಒತ್ತಿ ಹೇಳುತ್ತಾಳೆ. ಸರ್ಕಾರದವರು ಹೇಳಿದ್ದಾರೆ ಅಂತ ಅವಳು ಹಾಗೇ ಮಾಡಿದಳು. ಹಳೇ ಲಂಗ ಹರಿದು ತುರುಕಿದಳು. ಮೂರನೇ ಮಹಡಿಯ ತಿರುವಿನಲ್ಲಿ ಬಟ್ಟೆ ಒಂದು ಕಡೆ ಸರಿಯಿತು, ಕಾಲು ಇನ್ನೊಂದು ಕಡೆ ಸರಿಯಿತು, ಕ್ಯಾನುಗಳು ಅವಳಿಗಿಂತ ಮೊದಲು ಕೆಳಗೆ ತಲುಪಿದವು. ಮೇಲಿನ ಮನೆಯಾಕೆ ಬಾಗಿಲು ತೆರೆದು, “ಅಯ್ಯೋ, ಮೆಟ್ಟಿಲೆಲ್ಲ ಹಾಲು, ಯಾರಾದ್ರೂ ಜಾರಿ ಬಿದ್ದರೆ?” ಅಂದಳಂತೆ. ಜಾರಿ ಬಿದ್ದವಳು ಅಲ್ಲೇ ಕೆಳಗೆ ಬಿದ್ದಿದ್ದಳು.

ಸೊಂಟದ ಮೂಳೆ ಮುರಿದಿದೆ. ಈಗ ನಮ್ಮ ಆಸ್ಪತ್ರೆಯಲ್ಲೇ ಇದ್ದಾಳೆ. ಅವಳ ಹಾಸಿಗೆ ಬಟ್ಟೆಯನ್ನು ನಾನೇ ತಿಕ್ಕುತ್ತೇನೆ, ಮಡಿಕೆ ಇಲ್ಲದ ಹಾಗೆ, ಒತ್ತಿದರೆ ಬೆನ್ನು ಹುಣ್ಣಾಗುತ್ತದೆ ಅಂತ. ಡಾಕ್ಟರು ಹೇಳಿದ್ದಾರೆ: ಮೂಳೆ ಕೂಡಿಕೊಳ್ಳುತ್ತಿದೆ, ಆದರೆ ಆ ಕಡೆಯ ಕಾಲು ಮೊದಲಿಗಿಂತ ಸ್ವಲ್ಪ ಗಿಡ್ಡವಾಗಿರುತ್ತದೆ, ಸರಿಯಾದ ಎತ್ತರದ ಬೂಟು ಹಾಕಿಸಿ ಬೇಗ ನಿಲ್ಲಿಸಿದರೆ ನಡೆಯುತ್ತಾಳೆ, ತಡವಾದರೆ ಮಲಗಿದವಳು ಮಲಗಿದ ಹಾಗೇ. ನಾನು ಇದನ್ನು ಮಾಮನಿಗೆ ಹೇಳಿದೆ. ಅವನು ಹೆಬ್ಬೆರಳು ತೋರುಬೆರಳ ನಡುವೆ ಎತ್ತರ ಅಳೆದು ನೋಡಿದ. ಆಮೇಲೆ, “ಹಳೇ ಅಚ್ಚಿನ ಮೇಲೇ ಹೊಲಿದು ಅಟ್ಟೆಗೆ ಇನ್ನೊಂದು ಪದರ ಹೊಡೆದರೆ ಆಯ್ತು ಬಾತು” ಅಂದ. “ಅಚ್ಚು ತಂದುಕೊಡು, ನಾಳೆನೇ ಕೊಡ್ತೀನಿ.” ಅವನು ನಾಳೆ ಅಂದದ್ದನ್ನು ನಾನು ನಂಬಿದ್ದು ಅದೇ ಮೊದಲು. ಅವನೀಗ ಕೊಡೆ ರಿಪೇರಿ ಮಾಡುತ್ತಾನೆ. ಕೊಡೆಗೆ ಇನ್ನೂ ಮಂಡಳಿ ಇಲ್ಲ.

ಹಾಗಾಗಿ ಎರಡನೆಯ ಸಲ ಬಂದೆ, ನೇರ ಗೋದಾಮಿಗೆ. ಗೋದಾಮಿನ ಗುಮಾಸ್ತರು ಒಳ್ಳೆಯ ಮನುಷ್ಯ, ತಮ್ಮ ಕಚೇರಿಯಲ್ಲಿ ಒಳ್ಳೆಯವರಿಗೆ ಬರವಿಲ್ಲ, ಅದೇ ನನಗೆ ಹೆಚ್ಚು ಭಯ. ಅಧ್ಯಕ್ಷರ ಸಹಿ ಇಲ್ಲದೆ ಒಂದನ್ನೂ ಕೊಡಲು ಆಗದು ಅಂದರು, ಆದರೆ ಒಂದು ಚೀಲದ ಬಾಯಿ ಬಿಚ್ಚಿ, ಬಹಳ ಹೆಮ್ಮೆಯಿಂದ ತೋರಿಸಿದರು.

“ನೋಡಮ್ಮ, ತಂದಾಗ ಎಲ್ಲ ಅದಲುಬದಲು ಆಗಿತ್ತು. ದೊಡ್ಡದಕ್ಕೆ ಸಣ್ಣದು ಕಟ್ಟಿದ್ರು. ಮಾಲು ಲೆಕ್ಕಕ್ಕೆ ಸಿಗದಿರಲಿ ಅಂತ ಬೇಕಂತ್ಲೇ ಮಾಡಿದಾನೆ ಅಂದ್ರು ಸಾಹೇಬ್ರು. ನಾವು ನಾಲ್ಕು ಜನ ಕೂತು, ದಾರ ಎಲ್ಲ ಬಿಚ್ಚಿ, ಅಳತೆ ನೋಡಿ, ಸರಿಯಾದ ಜೋಡಿ ಮಾಡಿ ಕಟ್ಟಿದೀವಿ. ಒಂದೂ ತಪ್ಪಿಲ್ಲ.”

ಮಾನ್ಯರೇ, ಕೋಪಕ್ಕೂ ಒಂದು ಮಿತಿ ಇದೆ, ಅದು ದಾಟಿದ ಮೇಲೆ ಮನುಷ್ಯರು ಸುಮ್ಮನೆ ಕೂತುಬಿಡುತ್ತಾರೆ. ನಾನು ಆ ಗೋಣಿಚೀಲಗಳ ಮೇಲೆ ಕೂತೆ. ನನ್ನ ಗಿಡ್ಡ ಎಡಗಾಲನ್ನು ತಮ್ಮವರು ಆಮೆಯ ಗಂಟಿನ ಬಲಗಾಲಿಗೆ ಕಟ್ಟಿದ್ದರು. ಉದ್ದ ಸರಿಯಾಗಿತ್ತು, ಒಪ್ಪಬೇಕು. ಶುಂಠಿಯ ಒಂದು ಪಾದ ಯಾರದೋ ಮಗುವಿನ ಪಾದದ ಜೊತೆಯಲ್ಲಿತ್ತು. ಜಗತ್ತಿನಲ್ಲಿ ಜೋಡಿ ಅಂದರೆ ಸಮ ಇರಲೇಬೇಕು ಅಂತ ನಂಬಿದ ನಾಲ್ಕು ಜನ, ಒಂದು ಇಡೀ ಮಧ್ಯಾಹ್ನ ಬೆವರು ಸುರಿಸಿ, ಪ್ರಾಮಾಣಿಕವಾಗಿ, ನಮ್ಮೆಲ್ಲರನ್ನೂ ಕಾಲು ಕಾಲು ಬೇರೆ ಮಾಡಿ ಬೇರೆಯವರಿಗೆ ಗಂಟು ಹಾಕಿದ್ದರು. ಲಂಚ ತಿಂದಿದ್ದರೂ ಇಷ್ಟು ಹಾನಿ ಆಗುತ್ತಿರಲಿಲ್ಲ. ಲಂಚ ತಿಂದವನು ಕೊನೇಪಕ್ಷ ಸೋಮಾರಿಯಾಗಿರುತ್ತಾನೆ.

ಗುಮಾಸ್ತರು ಕೇಳಿದರು, “ಯಾಕಮ್ಮ, ಸರಿ ಇಲ್ವಾ?”

“ಸರಿ ಇದೆ ಅಣ್ಣ,” ಅಂದೆ, “ನಾವೇ ಸರಿ ಇಲ್ಲ.”

ತಮ್ಮ ನಿಯಮ ಸಾರ್ವಜನಿಕರದೋ, ಮೊದಲೇ ಬೇರೂರಿದ ದೊಡ್ಡ ಕಂಪನಿಗಳದೋ ಅಂತ ಸಭೆಗಳಲ್ಲಿ ಚರ್ಚೆ ನಡೆಯುತ್ತಿರುತ್ತದೆ. ನಿಯಮವೇ ಬೇಡ, ಎಲ್ಲ ಬಜಾರಿಗೆ ಬಿಡಿ ಅನ್ನುವ ಕೋಟಿನವರೂ ಆ ಸಭೆಗಳಿಗೆ ಬರುತ್ತಾರೆ, ನನ್ನ ಈ ಪತ್ರ ಹಿಡಿದು ನಾಳೆ ಭಾಷಣ ಮಾಡಲೂಬಹುದು. ಅವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಮಕ್ಕಳ ಪಾದ ಸುಲಿದದ್ದು ತಮ್ಮ ಆ ಬಜಾರಿನಲ್ಲೇ, ಪತ್ರ ಕೆಳಗಿಡಿ. ನನಗೆ ನಿಯಮ ಬೇಕು. ಇನ್ಸ್‌ಪೆಕ್ಟರು ಬೇಕು. ಮಾಮನ ಅಂಟಿನ ಡಬ್ಬಿ ಮೂಸಿ ನೋಡುವವರು ಬೇಕು, ಅವನ ಮೊಳೆ ಎಣಿಸುವವರು ಬೇಕು, ಅದೇ ಕೈಯಲ್ಲಿ ಮೀಸೆಯ ಕಾರ್ಖಾನೆಯ ಬಾಗಿಲನ್ನೂ ತಟ್ಟುವವರು ಬೇಕು. ಆದರೆ ಬೂಟಿನ ನಿಯಮ ಬರೆಯುವಾಗ ಕೋಣೆಯಲ್ಲಿ ಒಂದಾದರೂ ಕಾಲು ಇರಬೇಕಿತ್ತು. ತಮ್ಮ ಸಮಿತಿಯ ಫೋಟೋವನ್ನು ನಾನು ಮತ್ತೆ ನೋಡಿದೆ. ಎಲ್ಲರನ್ನೂ ಸೊಂಟದವರೆಗೆ ಮಾತ್ರ ತೆಗೆದಿದ್ದಾರೆ.

ಆದ್ದರಿಂದ ನಮ್ಮ ಬೇಡಿಕೆ ಕೇಳಿ. ಬೇಡಿಕೆ ಅಂದೆ, ವಿನಂತಿ ಅನ್ನಲಿಲ್ಲ. ಬರುವ ಸೋಮವಾರ ನಾವೆಲ್ಲ ತಮ್ಮ ಗೋದಾಮಿಗೆ ಬರುತ್ತೇವೆ. ಚೀಲಗಳ ಬಾಯಿ ಬಿಚ್ಚಿಸಿ ಇಡಿ. ದಾರ ಕತ್ತರಿಸಲು ಮಾಮನ ಮಗಳು ತನ್ನದೇ ಕತ್ತಿ ತರುತ್ತಾಳೆ. ಯಾವ ಕಾಲು ಯಾರದು ಅಂತ ತಮ್ಮ ಯಾವ ಕಡತವೂ ಹೇಳಲಾರದು, ನಾವು ಬೂಟು ಬಿಚ್ಚಿ ಪಕ್ಕದಲ್ಲಿ ಕಾಲಿಟ್ಟು ಹುಡುಕಿಕೊಳ್ಳುತ್ತೇವೆ. ಗೋದಾಮಿಗೆ ಹೋಗುವ ತಮ್ಮ ಕಚೇರಿಯ ಮೆಟ್ಟಿಲಿಗೆ ಹಿಡಿಗಂಬಿ ಇಲ್ಲ, ಗಮನಿಸಿದ್ದೇನೆ. ಆದ್ದರಿಂದ ಒಬ್ಬರನ್ನೊಬ್ಬರು ಹಿಡಿದುಕೊಂಡು ಹತ್ತುತ್ತೇವೆ, ಬಹಳ ನಿಧಾನಕ್ಕೆ, ಇಡೀ ಮೆಟ್ಟಿಲು ತುಂಬಿಕೊಂಡು. ಅವತ್ತು ತಾವು ಹೊರಗೆ ಹೋಗಬೇಕಿದ್ದರೆ ಬೆಳಿಗ್ಗೆಯೇ ಹೋಗಿ. ಮಧ್ಯದಲ್ಲಿ ದಾರಿ ಬಿಡಲು ನಮಗೆ ಆಗುವುದಿಲ್ಲ, ಪಕ್ಕಕ್ಕೆ ಸರಿದರೆ ನಮ್ಮಲ್ಲಿ ಅರ್ಧ ಜನ ಬೀಳುತ್ತಾರೆ. ಮತ್ತೆ ಆ ಮಾನದಂಡ ಸಮಿತಿಯ ನಡುವಿನ ಕುರ್ಚಿ ಖಾಲಿ ಮಾಡಿಸಿ. ನಿಲ್ಲಲು ಆಗದವಳೊಬ್ಬಳಿದ್ದಾಳೆ, ಅವಳಿಗೆ ಅದು ಹೆಚ್ಚು ಬೇಕು.

ಸೋಮವಾರದ ಮೊದಲೇ ಸುಟ್ಟುಬಿಡೋಣ ಅಂತ ತಮ್ಮಲ್ಲಿ ಯಾರಿಗಾದರೂ ಹೊಳೆದರೆ, ಈ ಪತ್ರ ಪತ್ರಿಕೆಯಲ್ಲಿ ಬಂದಿದೆ ಅನ್ನುವುದು ನೆನಪಿರಲಿ. ಹೊಗೆ ಎದ್ದರೆ ಊರಿಗೆಲ್ಲ ಗೊತ್ತಾಗುತ್ತದೆ, ಅದು ಯಾರ ಕಾಲಿನ ಹೊಗೆ ಅಂತ. ನನಗೆ ಪ್ರತಿಕೃತಿ ಕಟ್ಟುವುದೂ ಮರೆತಿಲ್ಲ. ತಮಗೆ ಮೀಸೆ ಇಲ್ಲ, ಪೊರಕೆ ಕಡ್ಡಿ ಉಳಿಯಿತು.

ನಿನ್ನೆ ಹಾಸಿಗೆ ಬಟ್ಟೆ ಕೊಡಲು ಹೋದಾಗ ಆಮೆಗೆ ಇದನ್ನೆಲ್ಲ ಓದಿ ಹೇಳಿದೆ. ಬೈಗುಳ ಬಂದಲ್ಲೆಲ್ಲ ನಕ್ಕಳು, ನಕ್ಕರೆ ಸೊಂಟ ನೋಯುತ್ತದೆ ಅಂತ ಗದರಿದಳು. ಕೊನೆಗೆ ತಮಗೊಂದು ಮಾತು ತಿಳಿಸು ಅಂದಳು. ಅವಳ ಮಾತನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ: “ಆ ಸಾಹೇಬ್ರಿಗೆ ಹೇಳು ಬಾತು, ನನ್ನ ಬಲಗಾಲಿನದನ್ನ ಎತ್ತುವಾಗ ಹುಷಾರು. ಹೆಬ್ಬೆರಳ ಹತ್ರ ಕೆಂಪು ಚರ್ಮದ ಚೂರಿದೆ, ಮೊಳೆ ಸಡಿಲ ಇದೆ. ಅದೊಂದು ಬಿದ್ದುಹೋಗಬಾರದು. ಅದು ಬಿದ್ರೆ ಬೂಟು ಕಚ್ಚುತ್ತೆ.”

ಇಂತಿ,
ತಮ್ಮ ಗೋದಾಮಿನ ಚೀಲವೊಂದರಲ್ಲಿ
ಆಮೆಯ ಕಾಲಿಗೆ ಕಟ್ಟಿಸಿಕೊಂಡು ಬಿದ್ದಿರುವ
ಬಾತುಕೋಳಿ